ಒನಕೆ ಎಲ್ಲಿತ್ತು

ಸೊಲ್ಲಾಪುರದಲ್ಲಿ ಅಣ್ಣನ ಮನೆ ಸೇರಿರುವ ನನ್ನ ಖಾಸೀಂಬಿಗೆ ನಿನ್ನ ಸುಭದ್ರಕ್ಕನ ಶರಣು, ಸಲಾಮು, ಎರಡೂ.

ಅಕ್ಷರ ಸೊಟ್ಟಗಿವೆ. ಎಡಗೈಯಿಂದ ಬರೆಯುತ್ತಿದ್ದೇನೆ. ಬಲಭುಜದ ಎಲುಬು ಮುರಿದು ಇಂದಿಗೆ ಆರು ದಿನ. ಹೇಗೆ ಮುರಿಯಿತು ಎಂಬುದು ಕೊನೆಗೆ ಬರುತ್ತದೆ. ಬೇರೆಯವರಿಂದ ಬರೆಸಬಹುದಿತ್ತು, ಆದರೆ ಈ ಮಾತುಗಳನ್ನು ಇನ್ನೊಬ್ಬರ ಕೈಗೆ ಹೊರಿಸಲು ಮನಸ್ಸು ಬರಲಿಲ್ಲ. ನಿನಗೆ ಓದಲು ಬಾರದು, ಮಗಳು ಮದೀನಾಬಿ ಓದಿ ಹೇಳುತ್ತಾಳೆಂದು ಗೊತ್ತು. ನಮ್ಮ ವಾಡೆಯ ಅಂಗಳದ ಮರಳಿನಲ್ಲಿ ಅವಳ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳು ನಾನೇ. ಇಂಥದ್ದನ್ನು ಓದಲು ಆ ಅಕ್ಷರಗಳು ಬೇಕಾಗುತ್ತವೆಂದು ಅಂದು ತಿಳಿದಿರಲಿಲ್ಲ. ಮದೀನಾ, ನಿನ್ನ ಅಬ್ಬಾನ ಹೆಸರು ಬಂದಲ್ಲಿ ಮುಂದೆ ಓದಲಾಗದಿದ್ದರೆ ಹಾಳೆ ಮಡಚಿಡು ಮಗಳೇ. ಇನ್ನೊಂದು ದಿನ ಓದು. ಒಂಬತ್ತು ತಿಂಗಳು ತಡವಾದ ಪತ್ರ, ಇನ್ನೊಂದು ದಿನ ತಡೆಯುತ್ತದೆ.

ಖಾಸೀಂಬಿ, ಊರು ಬಿಟ್ಟು ಬಂಡಿ ಹತ್ತುವಾಗ ನೀನು ಅಳಲಿಲ್ಲ. ಬೈಯಲೂ ಇಲ್ಲ. ನನ್ನನ್ನು ಹತ್ತಿರ ಕರೆದು ಒಂದೇ ಮಾತು ಕೇಳಿದೆ. "ಒನಕಿ ಎಲ್ಲಿತ್ತಕ್ಕಾ?" ನಾನು ನೆಲ ನೋಡಿದೆ. ಆಮೇಲೆ ಬಂಡಿ ಖಜೂರಿಯ ದಾರಿ ಹಿಡಿಯಿತು. ಆ ಪ್ರಶ್ನೆಗೆ ಇಂದು ಉತ್ತರ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಗೊತ್ತಿರುವುದನ್ನೂ ನಾನು ಇಷ್ಟು ದಿನ ನನಗೆ ಬೇಕಾದಂತೆ ನೆನಪಿಟ್ಟುಕೊಂಡಿದ್ದೆ. ವಾಡೆಯ ಹೊರ ಅಂಗಳದ ಆ ದೊಡ್ಡ ಒಳಕಲ್ಲು. ಸೋಮವಾರಕ್ಕೊಮ್ಮೆ ಊರ ಹೆಂಗಸರೆಲ್ಲ ಅಲ್ಲಿ ಖಾರ ಕುಟ್ಟಲು, ಅರಿಷಿಣ ಕುಟ್ಟಲು ಕೂಡುವುದು. ಒಬ್ಬಳು ಸೊಲ್ಲು ಎತ್ತಿದರೆ ಉಳಿದವರು ಅದೇ ಸಾಲನ್ನು ತಿರುಗಿ ಹೇಳುತ್ತ ಒನಕೆ ಬಿಡುವುದು. ಆ ಕೂಟ ಕಟ್ಟಿದವಳು ನಾನು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಎಲ್ಲ ಕೇರಿಯವರೂ ಬರಲಿ ಎಂದವಳೂ ನಾನೇ, ಅದರ ಹೆಮ್ಮೆ ನನಗೆ ಬಹಳ ಇತ್ತು. ಆದರೆ ಯಾರು ಎಲ್ಲಿ ಕೂಡಬೇಕು, ಯಾರ ಮೆಣಸಿನಕಾಯಿ ಮೊದಲು, ಯಾವ ಹಾಡು, ಯಾವಾಗ ಏಳಬೇಕು, ಎಲ್ಲವೂ ನನ್ನ ಬಾಯಿಂದಲೇ ಬರಬೇಕು. ಸೊಲ್ಲು ಎತ್ತುವವಳು ನಾನೊಬ್ಬಳೇ. ನನಗೆ ಜ್ವರ ಬಂದ ಸೋಮವಾರ ಮೂವತ್ತು ಹೆಂಗಸರು ಬುಟ್ಟಿ ಇಟ್ಟುಕೊಂಡು ಮಧ್ಯಾಹ್ನದವರೆಗೆ ಸುಮ್ಮನೆ ಕೂತು, ಕುಟ್ಟದೆ ಎದ್ದುಹೋದರು. ಅದನ್ನು ಕೇಳಿ ನನಗೆ ಒಳಗೇ ಖುಷಿಯಾಗಿತ್ತು. ಮರುವಾರ ನೀನು ಎಲ್ಲರೆದುರು ಅಂದೆಯಲ್ಲ, "ಅಕ್ಕಾ, ನೀ ಸತ್ತ ಮ್ಯಾಗ ಈ ಊರ ಮಂದಿ ಸಪ್ಪನ ಸಾರು ಉಣ್ಬೇಕೇನು?" ಎಲ್ಲರೂ ನಕ್ಕರು. ನಾನೂ ನಕ್ಕು, "ನೀ ಸೊಲ್ಲೆತ್ತಿದರ ಒಳಕಲ್ಲೇ ಎದ್ದು ಓಡ್ತದ ಬೇ" ಅಂದೆ. ಇನ್ನೂ ಜೋರು ನಕ್ಕರು. ನೀನು ನಗಲಿಲ್ಲ ಎಂಬುದು ಈಗ ನೆನಪಾಗುತ್ತಿದೆ.

ಹೋದ ವರ್ಷ ಉಗಾದಿಯ ಹೊತ್ತಿಗೆ ಕಾಲ ಕೆಟ್ಟಿತು. ಗಂಡಸರು ಗಡಿ ದಾಟಿ ಅಡಗಿಕೊಂಡಿದ್ದರು. ರಜಾಕಾರರು ಇವತ್ತು ಆ ಊರಿಗೆ ಬಂದರು, ನಿನ್ನೆ ಈ ಊರು ಸುಟ್ಟರು ಎಂಬ ಸುದ್ದಿ. ಆಗ ನಾನು ಹೇಳಿದೆ, ನನ್ನ ಒನಕೆಯಿಂದ ಒಳಕಲ್ಲಿನ ಅಂಚಿಗೆ ಮೂರು ಪೆಟ್ಟು ಹೊಡೆದರೆ ಎಲ್ಲ ಕೇರಿಯ ಹೆಂಗಸರೂ ಒನಕೆ ಹಿಡಿದು ಊರ ಬಾಗಿಲಿಗೆ, ಅಗಸಿಗೆ ಬರಬೇಕು ಎಂದು. ತುದಿಗೆ ಕಬ್ಬಿಣದ ಬಳೆಯಿದ್ದ ನನ್ನ ಒನಕೆ ಕಲ್ಲಿಗೆ ಬಡಿದರೆ ಹಳ್ಳದಾಚೆಗೂ ಕೇಳುತ್ತಿತ್ತು. ಅವರು ಬಂದದ್ದು ಒಂದು ಸೋಮವಾರವೇ. ಹದಿನೈದು ಮಂದಿ, ಒಂದು ಮೋಟಾರು. ನಾನು ಬಾರಿಸಿದೆ. ಖಾರ ಕುಟ್ಟುತ್ತಿದ್ದ ಕೈಯಲ್ಲೇ ಎಲ್ಲರೂ ಓಡಿದರು. ಮೋಟಾರಿನ ಮುಂದೆ ಹೋಗಿ ನಿಂತವಳು ನೀನು. "ಮೊದಲ ನನ್ನ ಮ್ಯಾಲ ಏರಸ್ರಿ ಗಾಡಿ, ಆಮ್ಯಾಲ ಒಳಗ ಹೋಗ್ರಿ" ಅಂದೆ. ಒಬ್ಬ ಇಳಿದು ನಿನ್ನನ್ನು ತನ್ನವರಿಗೇ ದ್ರೋಹ ಬಗೆದ ಗದ್ದಾರ್ ಎಂದು ಬೈದು, ಬಂದೂಕಿನ ಹಿಂಬದಿಯಿಂದ ನಿನ್ನ ಎದೆಗೆ ಗುದ್ದಿದ. ನೀನು ಮಂಡಿಯೂರಿದೆ, ಮತ್ತೆ ಎದ್ದು ನಿಂತೆ. ಬಾಯಿಂದ ರಕ್ತ ಬರುತ್ತಿತ್ತು. ಆಗಲೇ ಯಾರೋ ಮುಷ್ಟಿ ತುಂಬ ಖಾರದ ಪುಡಿ ಎರಚಿದರು. ಇನ್ನೊಬ್ಬಳು, ಮತ್ತೊಬ್ಬಳು. ಅವರು ಕಣ್ಣುಜ್ಜಿಕೊಂಡು ಕುರುಡರಂತೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರೆ ನಮ್ಮ ಒನಕೆಗಳು ಬೆನ್ನ ಮೇಲೆ, ಮೊಣಕಾಲ ಮೇಲೆ ಬಿದ್ದವು. ಒಬ್ಬನ ಮೊಣಕೈ ಮುರಿದ ಸದ್ದು ನನಗೆ ಕೇಳಿಸಿತು. ಆ ಸದ್ದು ನನಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಮೋಟಾರು ಹಿಂದಕ್ಕೆ ಹೋಯಿತು. ಊರು ಉಳಿಯಿತು. ಉಳಿಸಿದ ಎದೆ ನಿನ್ನದು, ಹೆಸರು ಮಾತ್ರ ನನಗೆ ಬಂತು. ವಾಡೆಯ ಬಾಯಾರು ಒನಕೆ ಬಾರಿಸಿದರು, ಬಾಯಾರು ಊರು ಕಾದರು ಎಂದು ಊರೆಲ್ಲ ಆಡಿತು. ನಾನು ಆ ಹೆಸರನ್ನು ಹೊದ್ದುಕೊಂಡು ಕೂತೆ.

ಆಷಾಢದಲ್ಲಿ ಮಲ್ಕಮ್ಮ ಬಾರಿಸಿದಳು, ನೆನಪಿದೆಯಲ್ಲ. ಊರ ಹೊರಗಿನ ಕೇರಿಯವಳು, ಅಂಗಳದ ಬಾಗಿಲ ಪಕ್ಕ ಕೂಡಿಸಿದ್ದೆ ಅವಳನ್ನು. ಖಜೂರಿ ದಾರಿಯಲ್ಲಿ ಧೂಳು ಕಂಡು, ನಾನು ಒಳಗಿದ್ದೆನೆಂದು, ಓಡಿಬಂದು ನನ್ನ ಒನಕೆ ಎತ್ತಿ ಮೂರು ಪೆಟ್ಟು ಹೊಡೆದಳು. ಎಲ್ಲರೂ ಬಂದರು. ನೋಡಿದರೆ ಶೇಂಗಾ ವ್ಯಾಪಾರಿಯ ಲಾರಿ. ನಾನು ಎಲ್ಲರೆದುರು ಅವಳ ಕೆನ್ನೆಗೆ ಹೊಡೆದೆ. "ಯಾರು ಹೇಳಿದ್ರ ಬೇ ನಿನಗ?" ಅಂದೆ. ಸುಳ್ಳು ಕರೆ ಕೊಟ್ಟದ್ದಕ್ಕೆ ಹೊಡೆದೆ ಎಂದು ಆಗ ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಇಂದು ಎಡಗೈಯಿಂದ ನಿಜ ಬರೆಯುತ್ತೇನೆ: ಅವಳು ನನ್ನ ಕಲ್ಲು ಮುಟ್ಟಿದ್ದಕ್ಕೂ ಹೊಡೆದೆ. ದಿನಾ ಬೆಳಗ್ಗೆ ಶರಣರ ವಚನ ಓದುವ ಬಾಯಿ ನನ್ನದು. ಕೈ ಮಾತ್ರ ಅಜ್ಜ ಮುತ್ತಜ್ಜರದೇ ಆಗಿ ಉಳಿದಿತ್ತು. ಅಂದೇ ಯಾರಿಗೂ ತಿಳಿಸದೆ ಒನಕೆಯನ್ನು ಒಯ್ದು ಕಣಜದ ಕೋಣೆಯಲ್ಲಿಟ್ಟು ಬೀಗ ಹಾಕಿದೆ. ನನ್ನ ಹೊರತು ಯಾರೂ ಬಾರಿಸಕೂಡದು ಎಂದೆ.

ನೀನು ಆ ಸಂಜೆ ಒಬ್ಬಳೇ ಬಂದೆ. "ಅಕ್ಕಾ, ಹೊಡೆದದ್ದು ಹೊಡದಿ, ಆಕಿ ಕಡೆ ಹೋಗಿ ಒಂದ ಮಾತು ಆಡು. ಮತ್ತ ಒನಕಿ ಒಬ್ಬರ ಕೈಯಾಗ ಇಡಬ್ಯಾಡ. ವಾರಕ್ಕೊಬ್ಬಾಕಿ ಹಿಡೀಲಿ. ನೀ ಇಲ್ದಾಗೂ ಊರು ಇರ್ತದ" ಅಂದೆ. "ನೀ ಇಲ್ದಾಗೂ" ಎಂಬ ಮಾತು ನನಗೆ ಚುಚ್ಚಿತು. ಉಳಿದದ್ದು ಕಿವಿಗೆ ಬೀಳಲೇ ಇಲ್ಲ. "ವಾರಕ್ಕೊಬ್ಬಾಕಿ ಹಿಡಿದರ ಅದು ಒನಕಿ ಅಲ್ಲ, ಕಸಬರಗಿ" ಎಂದು ಕಳಿಸಿದೆ.

ಭಾದ್ರಪದದಲ್ಲಿ ಹಿಂದೂಸ್ತಾನದ ಫೌಜು ಬಂತು. ರಜಾಕಾರರು ಓಡಿಹೋದರು. ಅಡಗಿದ್ದ ಗಂಡಸರು ತಿರುಗಿ ಬಂದರು. ನಾವು ಉಸಿರು ಬಿಟ್ಟೆವು. ನಾಲ್ಕೈದು ದಿನಕ್ಕೇ ಸುತ್ತಲಿನ ಊರುಗಳಿಂದ ಬೇರೆ ಹೊಗೆ ಎದ್ದಿತು. ಆ ದಿನ ಬೆಳಿಗ್ಗೆ ನನ್ನ ಮೈದುನ ದೌಲತರಾಯ ಬಂದು, "ವೈನಿ, ಜ್ವಾಳದ ಚೀಲಕ್ಕ ಇಲಿ ಹತ್ಯಾವ, ನೋಡ್ರಿ" ಅಂದ. ಕಣಜದ ಕೋಣೆಯ ಬೀಗ ತೆಗೆದು ಒಳಗೆ ಹೋದೆ. ಹಿಂದಿನಿಂದ ಬಾಗಿಲು ಎಳೆದು ಚಿಲಕ ಹಾಕಿದ. "ಇದು ಗಂಡಸರ ಕೆಲಸ, ನೀವು ಅಡ್ಡ ಬರಬ್ಯಾಡ್ರಿ" ಎಂದು ಹೊರಗಿನಿಂದ ಹೇಳಿದ.

ಒನಕೆ ಅಲ್ಲಿತ್ತು ಖಾಸೀಂಬಿ. ನನ್ನ ಜೊತೆ, ಚಿಲಕ ಹಾಕಿದ ಕೋಣೆಯೊಳಗೆ. ಇಟ್ಟವಳು ನಾನೇ.

ಎತ್ತಿ ಬಾಗಿಲಿಗೆ ಹೊಡೆದೆ. ಸಾಗುವಾನಿ ಹಲಗೆ, ಅಲುಗಲಿಲ್ಲ. ನೆಲಕ್ಕೆ ಹೊಡೆದೆ, ಮೂರು ಸಲ, ಮತ್ತೆ ಮೂರು ಸಲ, ತೋಳು ಬೀಳುವವರೆಗೆ. ಸಗಣಿ ಸಾರಿಸಿದ ಮಣ್ಣಿನ ನೆಲ. ಒನಕೆ ಗುಳಿ ತೋಡಿತು, ದನಿ ಕೊಡಲಿಲ್ಲ. ಬಾಗಿಲಾಚೆ ದೌಲತರಾಯನ ಹೆಂಡತಿ ಗೌರಾಬಾಯಿಯ ಉಸಿರು ಕೇಳುತ್ತಿತ್ತು. "ಗೌರಾ, ತೆಗಿ" ಎಂದು ಕೈ ಮುಗಿದೆ. "ನನ್ನ ಕಡೀತಾರಕ್ಕಾ" ಎಂದು ಅತ್ತಳೇ ಹೊರತು ತೆಗೆಯಲಿಲ್ಲ.

ಹೊರ ಅಂಗಳದಲ್ಲಿ ಹೆಂಗಸರು ಕೂಡಿದ್ದರು. ಗದ್ದಲ ಕೇಳಿ ಯಾರೂ ಕರೆಯದೆ ತಾವಾಗಿಯೇ ಬಂದಿದ್ದರು, ಕೈಯಲ್ಲಿ ಒನಕೆ ಹಿಡಿದು. ನಲವತ್ತು ಜನರಿದ್ದರಂತೆ. "ಬಾಯಾರ ಬರ್ಲಿ," "ಬಾಯಾರ ಬಾರ್ಸಲಿ," "ಬಾಯಾರನ್ನ ಬಿಟ್ಟು ಹ್ಯಾಂಗ ಹೋಗೂದು." ಅವರ ಮಾತು ನನಗೆ ಸಣ್ಣಗೆ ಕೇಳುತ್ತಿತ್ತು. ಅಷ್ಟು ಬಾಯಿಗಳ ಗದ್ದಲದಲ್ಲಿ ನನ್ನ ಕೂಗು ಅವರಿಗೆ ಕೇಳುತ್ತಿರಲಿಲ್ಲ. ನಲವತ್ತು ಒನಕೆ, ಎಂಬತ್ತು ಕೈ, ನಿನ್ನ ಓಣಿಗೆ ನೂರು ಹೆಜ್ಜೆ. ನನ್ನ ಮೂರು ಪೆಟ್ಟಿಗಾಗಿ ಕಾಯುತ್ತ ನಿಂತರು. ಒಂದು ಸೇರು ಮೆಣಸಿನಕಾಯಿ ನುಣ್ಣಗೆ ಕುಟ್ಟುವಷ್ಟು ಹೊತ್ತು.

ಆ ಹೊತ್ತಿನಲ್ಲಿ ಆದದ್ದನ್ನು ನಿನ್ನ ಓಣಿಯ ಕಡೆ ತೆರೆಯುವ ಬೆಳಕಿಂಡಿಯಿಂದ ನಾನು ನೋಡಿದೆ. ನೀನು ಹಳ್ಳಕ್ಕೆ ಹೋಗಿದ್ದೆ, ನಿನಗೆ ಗೊತ್ತಿಲ್ಲ. ಪರವೂರಿನವರು ಬಹಳ ಇದ್ದರು, ನಮ್ಮವರೂ ಇದ್ದರು. ನಿನ್ನ ಲಾಲಸಾಬ ತಾನು ಹಿಂಜಿದ ಹತ್ತಿಯ ಗುಡ್ಡೆಯೊಳಗೆ ಅಡಗಿದ್ದ. ಕಾಲು ಹಿಡಿದು ಎಳೆದರು. ಹತ್ತಿ ಮೈಗೆಲ್ಲ ಮೆತ್ತಿಕೊಂಡು ಬೆಳ್ಳಗೆ ಕಾಣುತ್ತಿದ್ದ. "ಹೆಸರು ಹಿಡಿದು ಕರೀರಿ, ನಾ ಲಾಲ್ಯಾ, ನಿಮ್ಮ ಗಾದಿ ತುಂಬಾವ" ಎಂದು ಕೂಗಿದ. ಅವನು ಹತ್ತಿ ಹಿಂಜುವ ಬಿಲ್ಲಿನ ಕೊಡತಿಯನ್ನೇ ಕಿತ್ತುಕೊಂಡು ಅವನ ಬಾಯಿಗೆ ಹೊಡೆದರು. ಆಮೇಲೆ ಕೂಗಲಿಲ್ಲ. ಕೊಡಲಿ ಬಿದ್ದದ್ದು ಎರಡು ಸಲ, ಕುತ್ತಿಗೆಯ ಮೇಲೊಮ್ಮೆ, ತೋಳಿನ ಮೇಲೊಮ್ಮೆ. ಹತ್ತಿ ಕೆಂಪು ಕುಡಿಯುತ್ತ ಕುಡಿಯುತ್ತ ಭಾರವಾಗಿ ನೆಲಕ್ಕೆ ಕೂತಿತು. ಕೊಡಲಿ ಹಿಡಿದವನು ದೌಲತರಾಯ. ಅವನು ಇಂದಿಗೂ ಮಲಗುವ ಗಾದಿಯ ಹತ್ತಿ ನಿನ್ನ ಗಂಡ ಹಿಂಜಿದ್ದು.

ಮುಂದಿನದು ನಿನ್ನ ಕಣ್ಣೆದುರೇ ಆಯಿತು. ನೀನು ಮದೀನಾಳ ಕೈ ಹಿಡಿದು ಹಳ್ಳದಿಂದ ಓಡಿಬಂದದ್ದು, ನಿನ್ನ ಮುಂಗೈ ಸೀಳಿದ್ದು, ಆಗ ಕಲ್ಲಿನ ಸದ್ದು ಕೇಳಿದ್ದು. ಆ ಸದ್ದು ನನ್ನದೆಂದು ನೀನು ತಿಳಿದಿರಬಹುದು. ಅಲ್ಲ. ಮಲ್ಕಮ್ಮ ಕಾದು ಕಾದು, ಕೆನ್ನೆ ಮುಟ್ಟಿ ನೋಡಿಕೊಂಡು, "ಇನ್ನೊಂದು ಕಪಾಳಕ್ಕ ಹೊಡೀಲಿ ಬಾಯಾರು" ಎಂದು ಹೇಳಿ, ಅರೆಯುವ ಗುಂಡುಕಲ್ಲು ಎತ್ತಿ ಒಳಕಲ್ಲಿಗೆ ಬಡಿದಳಂತೆ. ಆಮೇಲೆ ಯಾರೂ ನಿಲ್ಲಲಿಲ್ಲ. ತಮ್ಮ ಗಂಡಂದಿರ ಮೇಲೆ, ತಮ್ಮ ಅಣ್ಣತಮ್ಮಂದಿರ ಮೇಲೆ ಒನಕೆ ಎತ್ತಿದರು. ನಿನ್ನ ಸುತ್ತ ನಿಂತರು. ಮಲ್ಕಮ್ಮನ ಹಣೆ ಒಡೆದದ್ದು ಆಗ. ಓಣಿಯ ಆರು ಮನೆಯವರು ಜೀವ ಸಮೇತ ಉಳಿದರು. ನಿನ್ನ ಮನೆಯ ಹೊತ್ತಿಗೆ ಮಾತ್ರ ತಡವಾಗಿತ್ತು. ಆ ತಡ ನನ್ನದು. ದೌಲತರಾಯನ ಕೊಡಲಿ ಎಷ್ಟೋ ಅಷ್ಟೇ ನನ್ನ ಬೀಗ.

ನೀನು ಹೋದ ಮೇಲೆ ಚಳಿಗಾಲವೆಲ್ಲ ಒಳಕಲ್ಲು ಖಾಲಿ ಬಿದ್ದಿತ್ತು. ಹಿಂಗಾರಿನ ಮಳೆನೀರು ನಿಂತು ಹಸಿರುಗಟ್ಟಿತು. ಈ ಉಗಾದಿಗೆ ಹೆಂಗಸರು ಬಂದು, "ಬಾಯಾರ, ಖಾರ ತೀರ್ಯಾದ, ಸೊಲ್ಲೆತ್ರಿ" ಅಂದರು. ಒನಕೆ ಎಲ್ಲಿತ್ತೆಂದು ಅಂದು ಅವರಿಗೆ ಹೇಳಿದೆ. ಮಲ್ಕಮ್ಮ ಎದ್ದು ಹೊರಟಳು. ಬೆನ್ನ ಹಿಂದೆ ಹೋಗಿ ಅವಳ ಗುಡಿಸಲಿನ ಮುಂದೆ ನಿಂತೆ. ಊರು ನೋಡುತ್ತಿತ್ತು. "ತಪ್ಪಾತು ಮಲ್ಕವ್ವ" ಎಂದೆ. "ಕೆನ್ನೀದು ಹೇಳಾಕತ್ತೀರೋ, ಲಾಲಸಾಬಂದು ಹೇಳಾಕತ್ತೀರೋ?" ಎಂದಳು. ಎರಡೂ ಎಂದೆ. "ಮೊದಲಿಂದು ನಾ ಬಿಟ್ಟೇನಿ. ಎರಡನೇದು ಬಿಡಾಕ ನಾ ಯಾರು?" ಎಂದು ಒಳಗೆ ಹೋದಳು. ಆದರೂ ಸೋಮವಾರ ಬಂದಳು.

ನೀನು ಹೇಳಿದ್ದನ್ನೇ ಮಾಡಿದೆವು, ಎರಡು ಕೊಡಲಿ ಪೆಟ್ಟು ಬಿದ್ದ ಮೇಲೆ. ಆರು ಜನ ಹೆಂಗಸರಿಗೆ ವಾರಕ್ಕೊಂದು ಸರತಿ. ಆ ವಾರದವಳು ಸೊಲ್ಲೆತ್ತಬೇಕು, ಕೂಟ ನಡೆಸಬೇಕು, ಕಷ್ಟ ಬಂದರೆ ಕಲ್ಲು ಬಾರಿಸುವವಳೂ ಅವಳೇ. ಒನಕೆ ಈಗ ಬಯಲಲ್ಲಿ ಕಲ್ಲಿಗೆ ಒರಗಿರುತ್ತದೆ, ಬೀಗವಿಲ್ಲ. ಆರರಲ್ಲಿ ಗೌರಾಬಾಯಿಯ ಹೆಸರು ಬಂದಾಗ ನಾನು ಬೇಡವೆಂದೆ. ಬಾಗಿಲು ತೆಗೆಯದವಳು ಊರು ಕಾಯುತ್ತಾಳೆಯೇ? ಮಲ್ಕಮ್ಮ ನಕ್ಕಳು. "ಬಾಗಲಾ ಹಾಕ್ದಾಕಿ ಹೆಸರೂ ಐತಲ್ರಿ ಪಟ್ಟಿಯಾಗ" ಎಂದು ನನ್ನ ಕಡೆ ಗಲ್ಲ ತೋರಿಸಿದಳು. ಗೌರಾಳ ಹೆಸರು ಪಟ್ಟಿಗೆ ಸೇರಿತು.

ಹಿಂದಿನ ಸಾಲಿನಲ್ಲಿ ಕೂಡುವುದು ಸುಲಭವಲ್ಲ ಖಾಸೀಂಬಿ. ಮೊದಲ ವಾರ ಯಾರೋ ಹಾಡಿನ ಸಾಲು ತಪ್ಪಿದರು, ನನ್ನ ನಾಲಿಗೆ ತುದಿಯಲ್ಲಿ ತಿದ್ದುವ ಮಾತು ಕುಣಿಯಿತು. ಖಾರ ದಪ್ಪ ಉಳಿಯಿತು. ಒಬ್ಬಳ ಸರತಿಯಲ್ಲಿ ಕೂಟ ಜಗಳದಲ್ಲೇ ಎದ್ದಿತು. ನಾನು ತೊಡೆ ಚಿವುಟಿಕೊಂಡು ಕೂತೆ. ಚಿವುಟಿದ ಕಲೆ ಇನ್ನೂ ಇದೆ.

ಈಗ ಭುಜದ ಮಾತು. ನೀನು ಹೋದ ಮೇಲೆ ಹಳ್ಳದ ದಂಡೆಯ ನಿನ್ನ ಹೊಲವನ್ನು ದೌಲತರಾಯ ತನ್ನದರೊಳಗೆ ಸೇರಿಸಿಕೊಂಡಿದ್ದ. ಹೋದ ಸೋಮವಾರ, ಮಿರಗದ ಮಳೆ ಬಿದ್ದ ಮರುದಿನ, ಬಿತ್ತಲು ಎತ್ತು ಹೂಡಿದ. ಆ ವಾರ ಗೌರಾಬಾಯಿಯ ಸರತಿ. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಕಲ್ಲಿನ ಸದ್ದು ಕೇಳಿತು. ಮೂರು. ಯಾಕೆಂದು ಗೊತ್ತಿಲ್ಲ, ಯಾರು ಕರೆದರೆಂದು ಗೊತ್ತಿಲ್ಲ, ನನ್ನನ್ನು ಯಾರೂ ಕೇಳಿರಲಿಲ್ಲ. ಹಿಟ್ಟಿನ ಕೈಯಲ್ಲೇ ಸಿಕ್ಕ ಒಂದು ಒನಕೆ ಹಿಡಿದು ಓಡಿದೆ. ನಾನು ಮುಟ್ಟುವ ಹೊತ್ತಿಗೆ ಎಲ್ಲರೂ ನಿನ್ನ ಹೊಲದಲ್ಲಿ ಸಾಲಾಗಿ ನಿಂತಿದ್ದರು. ನಾನೇ ಕೊನೆಯವಳು.

ಗೌರಾ ಎತ್ತಿನ ಮುಂದೆ ನಿಂತಿದ್ದಳು. ದೌಲತರಾಯ ಬಾರುಕೋಲಿನಿಂದ ಅವಳ ಮುಖಕ್ಕೆ ಹೊಡೆದ. ತುಟಿ ಹರಿಯಿತು. ಮತ್ತೊಮ್ಮೆ ಹೊಡೆದ. ಅವಳು ಕದಲಲಿಲ್ಲ. ಬಾರುಕೋಲು ಎಸೆದು ಬಂಡಿಯಲ್ಲಿದ್ದ ಕೊಡಲಿ ತಿರುವಿ ಹಿಡಿದ. ನಾನು ನಡುವೆ ಹೋದೆ. ಕೊಡಲಿಯ ಕಾವು ಭುಜದ ಮೇಲೆ ಬಿತ್ತು. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು. ಈ ಸಲ ಅದು ನನ್ನದೇ ಎಲುಬು. ನಾನು ಬಿದ್ದೆ. ಹಿಂದೆ ನಾನು ಹೀಗೆ ಬಿದ್ದಿದ್ದರೆ ಎಲ್ಲರೂ ಒನಕೆ ಬಿಟ್ಟು ನನ್ನ ಸುತ್ತ ಕೂಡುತ್ತಿದ್ದರು. ಅಂದು ಯಾರೂ ನನ್ನ ಕಡೆ ತಿರುಗಲಿಲ್ಲ. ಗೌರಾ ರಕ್ತ ಉಗುಳಿ ಸೊಲ್ಲೆತ್ತಿದಳು, ಖಾರ ಕುಟ್ಟುವ ಅದೇ ಧಾಟಿಯಲ್ಲಿ: "ಈ ಹೊಲ ಖಾಸೀಂಬಿದು." ನಲವತ್ತು ಬಾಯಿ ಅದನ್ನೇ ತಿರುಗಿ ಹೇಳಿದವು. ಹೇಳುವಾಗ ನಲವತ್ತು ಒನಕೆ ಒಟ್ಟಿಗೆ ನೆಲ ಕುಟ್ಟಿದವು. ಹಸಿ ಕರಿಮಣ್ಣು. ನಾನು ಅದೇ ಮಣ್ಣಿಗೆ ಕಿವಿಯಿಟ್ಟು ಬಿದ್ದಿದ್ದೆ. ಮಣ್ಣಿಗೆ ದನಿಯಿಲ್ಲ ಎಂದುಕೊಂಡಿದ್ದೆ ನಾನು. ಎತ್ತುಗಳು ಬೆದರಿ, ಕೂರಿಗೆ ಎಳೆದುಕೊಂಡು ಬದು ಹಾರಿ ಓಡಿದವು. ದೌಲತರಾಯ ಅವುಗಳ ಹಿಂದೆ ಓಡಿದ.

ಅವನು ಬದಲಾಗಿಲ್ಲ. ಗೌರಾ ಈಗ ನನ್ನ ಕೋಣೆಯಲ್ಲಿ ಮಲಗುತ್ತಾಳೆ. ನಿನ್ನ ಹೊಲಕ್ಕೆ ಹೆಂಗಸರೇ ತೊಗರಿ ಬಿತ್ತಿದ್ದಾರೆ. ಅದು ನಿನ್ನದು, ನೀನು ಬಂದರೂ, ಬರದಿದ್ದರೂ. ನಾನು ಕಂಡದ್ದನ್ನು ಕಲಬುರ್ಗಿಯ ಕೋರ್ಟಿನಲ್ಲಿ ನಿಂತು ಹೇಳಬೇಕೋ ಎಂಬುದನ್ನು ನಾನೊಬ್ಬಳೇ ತೀರ್ಮಾನಿಸಲಾರೆ. ಸತ್ತವನು ನಿನ್ನವನು. ಹೇಳು ಎಂದು ಒಂದು ಸಾಲು ಬರೆಸಿದರೆ ಮರುದಿನವೇ ಹೊರಡುತ್ತೇನೆ.

ಇನ್ನೊಂದು ಮಾತಿದೆ. ಆ ಆರು ಸರತಿಯಲ್ಲಿ ಆರನೆಯದು ನಿನ್ನದು. ಹೆಂಗಸರು ಹಾಕಿದ್ದು, ನಾನಲ್ಲ. ನಿನ್ನ ಮೊದಲ ಸೋಮವಾರ ಬಂದಾಗ ಎಲ್ಲರೂ ಬುಟ್ಟಿ ತಂದು ಕಲ್ಲಿನ ಸುತ್ತ ಕೂತರು. ಬಿಸಿಲು ಏರಿತು. ಯಾರೂ ಒನಕೆ ಮುಟ್ಟಲಿಲ್ಲ. ಅವಳ ಬದಲು ನಾನು ಎತ್ತುತ್ತೇನೆ ಎಂದು ಬಾಯಿ ತೆರೆದೆ. ಮಲ್ಕಮ್ಮ ನನ್ನ ಸೆರಗು ಹಿಡಿದು ಎಳೆದು ಕೂಡಿಸಿದಳು. "ಸುಮ್ಕ ಕುಂಡ್ರಿ ಬಾಯಾರ. ಅದು ನಿಮ್ಮ ಸರತಿ ಅಲ್ಲ."

ನಾಳೆ ಮತ್ತೆ ನಿನ್ನ ಸೋಮವಾರ. ಈ ಪತ್ರ ನಿನ್ನನ್ನು ಮುಟ್ಟುವ ಹೊತ್ತಿಗೆ ಅದೂ ಕಳೆದಿರುತ್ತದೆ, ಆರು ವಾರಕ್ಕೆ ತಿರುಗಿ ಬರುತ್ತದೆ. ಬಾ ಎಂದು ಕರೆಯುವ ಬಾಯಿ ನನಗಿಲ್ಲ. ನಾವು ಮಾತ್ರ ಬುಟ್ಟಿ ಇಟ್ಟುಕೊಂಡು ಕೂತಿರುತ್ತೇವೆ.

ಮದೀನಾಳ ಅಕ್ಷರ ದುಂಡಗಾಗಲಿ. ನಿನ್ನ ಮುಂಗೈಯ ಗಾಯಕ್ಕೆ ಮಳೆಗಾಲದ ಚಳಿ ತಾಗದಿರಲಿ.

ಹಿಂದಿನ ಸಾಲಿನಲ್ಲಿ ಕೂತಿರುವ,
ಸುಭದ್ರಾ